ಭಿಕ್ಷೆಯಲ್ಲ, ಹಕ್ಕು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ ಅದನ್ನು ಕಟ್ಟಿದ ಹಿರಿಯರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ತಮ್ಮ ಬಾಳಿನಿಂದಲೇ ಬೆಳೆಸಿದ ಕೆಲವು ಮಹಿಳೆಯರನ್ನೂ ಇಂದು ನೆನೆಯುವುದು ಉಚಿತವಾಗಿದೆ.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಂ ನೊವಾರುಂ' ಎಂಬ ವಿಶ್ವಪತ್ರವನ್ನು ಹೊರಡಿಸಿ, ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಲ್ಲಲೇಬೇಕೆಂದು ಸಾರಿದರು. ದುಡಿದವನ ಕೂಲಿ ಹಕ್ಕಾದರೆ, ಹೆರಿಗೆಯ ನೋವಿನಲ್ಲಿರುವ ಬಡ ತಾಯಿಗೆ ದೊರೆಯಬೇಕಾದ ಚಿಕಿತ್ಸೆ ಏನು? ಅದು ಹಕ್ಕೋ, ಉಳ್ಳವರ ಕರುಣೆಯೋ?

ಈ ಪ್ರಶ್ನೆ ಅವಿಭಜಿತ ಭಾರತದ ರಾವಲ್ಪಿಂಡಿಯಲ್ಲಿ ತೀವ್ರವಾಗಿ ಎದ್ದುನಿಂತಿತು. ಪರದೆಯಲ್ಲಿ ಬಾಳುತ್ತಿದ್ದ ಅಲ್ಲಿನ ಸ್ತ್ರೀಯರು ಪುರುಷ ವೈದ್ಯರ ಬಳಿಗೆ ಹೋಗುವಂತಿರಲಿಲ್ಲ; ವೈದ್ಯೆಯರಿಲ್ಲದೆ ತಾಯಂದಿರೂ ಶಿಶುಗಳೂ ಸಾಯುತ್ತಿದ್ದರು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರು ಇಳಿವಯಸ್ಸಿನಲ್ಲಿ ಅಲ್ಲಿಗೆ ಬಂದು ಸ್ತ್ರೀಯರ ಆಸ್ಪತ್ರೆಯೊಂದಕ್ಕೆ ಕಾರಣರಾದರು. ಆದರೆ ಅಂದಿನ ಧರ್ಮಸಭೆಯ ಕಾನೂನಿನಂತೆ ವ್ರತಧಾರಿಣಿಯರು ವೈದ್ಯವೃತ್ತಿಯನ್ನು, ಅದರಲ್ಲೂ ಹೆರಿಗೆಯ ಚಿಕಿತ್ಸೆಯನ್ನು, ಸ್ವತಂತ್ರವಾಗಿ ನಡೆಸುವಂತಿರಲಿಲ್ಲ. ಈ ಕಾನೂನನ್ನು ಸಡಿಲಿಸಬೇಕೆಂದು ಆ ವೃದ್ಧೆ ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿಕೊಂಡರು. 1913ರಲ್ಲಿ ಅವರು ಕಣ್ಮುಚ್ಚಿದಾಗ ಬಿನ್ನಹ ಫಲಿಸಿರಲಿಲ್ಲ.

ಆದರೆ ಬಿತ್ತಿದ ಬೀಜ ಹುಸಿಯಾಗಲಿಲ್ಲ. ಮೆಕ್ಲಾರೆನ್ ಅವರ ಪ್ರೇರಣೆಯಿಂದ ಆಸ್ಟ್ರಿಯದ ತರುಣಿ ಅನ್ನಾ ಡೆಂಗೆಲ್ ವೈದ್ಯಶಾಸ್ತ್ರವನ್ನು ಕಲಿತು, 1920ರಲ್ಲಿ ಅದೇ ರಾವಲ್ಪಿಂಡಿಗೆ ಬಂದರು. ಕೆಲವು ವರ್ಷಗಳ ಶ್ರಮದ ನಂತರ, ಒಬ್ಬರಿಂದ ಆಗುವ ಕೆಲಸ ಇದಲ್ಲವೆಂದು ಮನಗಂಡು, 1925ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮೆಡಿಕಲ್ ಮಿಷನ್ ಸೋದರಿಯರ ಸಂಘವನ್ನು ಸ್ಥಾಪಿಸಿದರು. ಆಗ ಇದ್ದವರು ಇಬ್ಬರು ವೈದ್ಯೆಯರು ಮತ್ತು ಇಬ್ಬರು ದಾದಿಯರು, ಒಟ್ಟು ನಾಲ್ವರು ಮಾತ್ರ. ಬಹಿರಂಗ ವ್ರತಗಳಿಗೆ ಅವಕಾಶವಿಲ್ಲದಿದ್ದರೂ ಅವರು ತಾಳ್ಮೆಯಿಂದ ಕಾದರು. 1936ರ ಫೆಬ್ರವರಿ 11ರಂದು ರೋಮಿನ ಆದೇಶ ಬಂದಿತು. ವ್ರತಧಾರಿಣಿಯರು ತಾಯಿ ಮಕ್ಕಳ ವೈದ್ಯಕೀಯ ಸೇವೆಗೆ ಮುಂದಾಗಬೇಕೆಂದು ಧರ್ಮಸಭೆಯೇ ಹುರಿದುಂಬಿಸಿತು.

ಮೆಕ್ಲಾರೆನ್ ಅವರ ಜೀವನವನ್ನು ಕುರಿತ ಒಂದು ಕಿರುಹೊತ್ತಗೆ ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ಅವರ ಕೈಗೂ ಸಿಕ್ಕಿತು. ಅವರು ಮೆಲ್ಬರ್ನಿನ ವೃತ್ತಿಯನ್ನು ತೊರೆದು 1920ರಲ್ಲಿ ಗುಂಟೂರಿಗೆ ಬಂದರು. ಯೇಸು ಮರಿಯ ಜೋಸೆಫರ ಸಂಘವನ್ನು ಸೇರಿ, ಜಗದ್ಗುರುಗಳ ವಿಶೇಷ ಅನುಮತಿಯಿಂದ ಕನ್ಯಾಸ್ತ್ರೀಯಾಗಿಯೇ ರೋಗಿಗಳ ಸೇವೆಗೈದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದವರೂ ಅವರೇ. ನಮ್ಮ ದೇಶದಲ್ಲಿ ಕಥೋಲಿಕ ವೈದ್ಯಕೀಯ ಕಾಲೇಜೊಂದು ಆಗಬೇಕೆಂಬುದು ಅವರ ಹಂಬಲವಾಗಿತ್ತು. 1957ರಲ್ಲಿ ಅವರು ದೈವಾಧೀನರಾದುದು ನಮ್ಮ ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನಲ್ಲಿ 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು.

ಅದೇ 1963ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು 'ಪಾಚೆಂ ಇನ್ ತೆರ್ರಿಸ್' ಎಂಬ ವಿಶ್ವಪತ್ರದಲ್ಲಿ, ಅನ್ನ, ಬಟ್ಟೆ, ವಸತಿಗಳಂತೆ ವೈದ್ಯಕೀಯ ಆರೈಕೆಯೂ ಮಾನವನ ಹಕ್ಕುಗಳಲ್ಲಿ ಒಂದೆಂದು ಘೋಷಿಸಿದರು. ಆ ಪ್ರಶ್ನೆಗೆ ಉತ್ತರ ಅಕ್ಷರರೂಪ ತಾಳಿತು. ಆದರೆ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತ ಈ ಮಹಿಳೆಯರು ಆ ಉತ್ತರವನ್ನು ಆಗಲೇ ಕೊಟ್ಟಿದ್ದರು.

ಪ್ರಿಯರೇ, ಇವರನ್ನು ಹೊಗಳಿ ಮನೆಗೆ ಮರಳುವುದು ಸುಲಭ. ಆದರೆ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿ ಕಾಯಿಲೆ ಬಿದ್ದಾಗ ಆಕೆಯ ಆ ದಿನಗಳ ಸಂಬಳವನ್ನು ನಾವು ಹಿಡಿದುಕೊಳ್ಳುತ್ತೇವೆಯೇ? ದೇವಾಲಯದ ಅಂಗಳವನ್ನು ಗುಡಿಸುವವರಿಗೆ, ಗಂಟೆ ಬಾರಿಸುವವರಿಗೆ ಸಂಸಾರ ನಡೆಸಲು ಸಾಲುವಷ್ಟು ಕೊಡುತ್ತಿದ್ದೇವೆಯೇ? ಹಬ್ಬದ ದಿನ ಒಂದು ಸೀರೆಯನ್ನು ಕೊಟ್ಟು, ವರ್ಷವಿಡೀ ಕೊಡಬೇಕಾದುದನ್ನು ಕಡಿಮೆ ಮಾಡಿದರೆ ಅದು ದಾನವಾಗದು. ನ್ಯಾಯವಾಗಿ ಸಲ್ಲಬೇಕಾದುದನ್ನು ಸಲ್ಲಿಸಿದ ಮೇಲೆಯೇ ದಾನದ ಮಾತು.

ನಮ್ಮ ಹಿರಿಯರು ನಮಗೆ ಕಲ್ಲಿನ ದೇವಾಲಯವನ್ನು ಬಿಟ್ಟುಹೋದರು. ಎರಡನೆಯ ಶತಮಾನದಲ್ಲಿ ನಾವು ಅದರೊಳಗೆ ನ್ಯಾಯದ ದೀಪವನ್ನು ಹಚ್ಚೋಣ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಪ್ರಭು ಯೇಸುಕ್ರಿಸ್ತರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.