ಹಿಟ್ಟು ಏಕೆ ಉಬ್ಬಲಿಲ್ಲ?



ಇಂದು ನಿಮ್ಮೊಡನೆ ಒಂದು ತಪ್ಪಿನ ಬಗ್ಗೆ ಮಾತನಾಡಬೇಕಾಗಿದೆ. ತಪ್ಪು ನಿಮ್ಮದಲ್ಲ, ನನ್ನದು.

ಕಳೆದ ವರ್ಷ ನಮ್ಮ ವಿಜ್ಞಾನ ಕಾರ್ಯಕ್ರಮವೊಂದರಲ್ಲಿ ಹುಳಿಹಿಟ್ಟಿನ ಬ್ರೆಡ್ ಮಾಡುವ ವಿಧಾನವನ್ನು ತೋರಿಸಿದ್ದೆವು. ಇಂಗ್ಲಿಷಿನಲ್ಲಿ ಇದಕ್ಕೆ ಸವರ್‌ಡೋ ಎನ್ನುತ್ತಾರೆ. ಅಂಗಡಿಯ ಯೀಸ್ಟನ್ನು ಬಳಸದೆ, ಬರೀ ಗೋಧಿಯ ಹಿಟ್ಟು ಮತ್ತು ನೀರನ್ನು ಕಲಸಿಟ್ಟು, ಅದು ತಾನಾಗಿಯೇ ಹುದುಗು ಬಂದ ಮೇಲೆ ಅದನ್ನೇ ಹೆಪ್ಪಿನಂತೆ ಬಳಸಿ ಮಾಡುವ ಬ್ರೆಡ್ ಅದು. ಚಿತ್ರೀಕರಣದ ಎರಡನೆಯ ದಿನ ಗಾಜಿನ ಭರಣಿಯಲ್ಲಿದ್ದ ಹಿಟ್ಟು ಎರಡರಷ್ಟಾಗಿ ಉಬ್ಬಿ ಗುಳ್ಳೆಗಳಿಂದ ತುಂಬಿತ್ತು. ಕ್ಯಾಮೆರಾ ಅದರ ಹತ್ತಿರಕ್ಕೆ ಹೋಯಿತು. "ನೋಡಿ, ಯೀಸ್ಟ್ ಬೆಳೆದಿದೆ, ಹೆಪ್ಪು ಸಿದ್ಧವಾಗಿದೆ" ಎಂಬ ವಿವರಣೆಯನ್ನು ಬರೆದವನು ನಾನು. ಕಾರ್ಯಕ್ರಮದ ಕೊನೆಯಲ್ಲಿ ನೀವು ಕಂಡ ಸುಂದರವಾದ ಬ್ರೆಡ್ ಮಾತ್ರ ಆ ಹಿಟ್ಟಿನದಾಗಿರಲಿಲ್ಲ. ಸಮಯವಿಲ್ಲವೆಂದು ಅದನ್ನು ಬೇಕರಿಯಿಂದ ತರಿಸಿದ್ದೆವು.

ಹದಿನೈದು ದಿನಗಳ ನಂತರ ಪಿಯುಸಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯ ಪತ್ರ ಬಂತು. "ಸರ್, ನೀವು ತೋರಿಸಿದ ಹಾಗೆಯೇ ಮಾಡಿದೆ. ಎರಡನೆಯ ದಿನ ಚೆನ್ನಾಗಿ ಉಬ್ಬಿತು. ಆದರೆ ಅದನ್ನು ಹಾಕಿ ನಾದಿದ ಹಿಟ್ಟು ಏಳು ಗಂಟೆ ಕಾದರೂ ಮೇಲೇಳಲಿಲ್ಲ. ಭರಣಿಯಲ್ಲಿ ಉಳಿದದ್ದು ನಾಲ್ಕನೆಯ ದಿನ ಸತ್ತೇಹೋಯಿತು. ಒಂದು ಕಿಲೋ ಮೈದಾ ದಂಡವಾಯಿತೆಂದು ಮನೆಯಲ್ಲಿ ಬೈಸಿಕೊಂಡೆ. ನಾನು ಮಾಡಿದ ತಪ್ಪೇನು?"

ಆಕೆಯಿಂದ ಯಾವ ತಪ್ಪೂ ಆಗಿರಲಿಲ್ಲ. ನಾವು ತೋರಿಸಿದ್ದನ್ನು ಆಕೆ ಚಾಚೂ ತಪ್ಪದೆ ಮಾಡಿದ್ದಳು. ಅಷ್ಟರಲ್ಲಿ ನಮ್ಮ ಭರಣಿಯ ಹಿಟ್ಟೂ ಸದ್ದಿಲ್ಲದೆ ಮಲಗಿತ್ತು, ನಾವು ಅದನ್ನು ಚೆಲ್ಲಿ ಮರೆತಿದ್ದೆವು. ಆ ಪತ್ರಕ್ಕೆ ಉತ್ತರ ಬರೆಯುವ ಮುನ್ನ ನಾನು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು.

ಮೊದಲು ನಮಗೆ ಗೊತ್ತಿರುವ ಕಡೆಯಿಂದ ಹೊರಡೋಣ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಿಗ್ಗೆ ಪಾತ್ರೆ ತುಂಬಿ ಬರುತ್ತದೆ. ಅದನ್ನು ಉಬ್ಬಿಸುವವರು ಯಾರು? ಯೀಸ್ಟ್ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಡ್ಲಿಹಿಟ್ಟನ್ನು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದ್ದು ಎಂದು ತೋರಿಸಿದರು. ಇದು ಸಕ್ಕರೆಯನ್ನು ಒಡೆದು ಲ್ಯಾಕ್ಟಿಕ್ ಆಮ್ಲವನ್ನೂ ಅದರ ಜೊತೆಗೆ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಕೊಡುತ್ತದೆ. ಹುಳಿ ಮತ್ತು ಉಬ್ಬು ಎರಡೂ ಒಂದೇ ಜೀವಿಯ ಕೆಲಸ. ಉದ್ದಿನಬೇಳೆಯ ಲೋಳೆ ಮತ್ತು ಪ್ರೋಟೀನುಗಳು ಆ ಅನಿಲವನ್ನು ಹಿಡಿದಿಡುತ್ತವೆ. ಬೆಳಗಾಗುತ್ತಲೇ ನಾವು ಇಡ್ಲಿ ಬೇಯಿಸಿಬಿಡುತ್ತೇವೆ. ಆಮೇಲೆ ಆ ಬ್ಯಾಕ್ಟೀರಿಯಾದ ಗತಿಯೇನೆಂದು ಯಾರೂ ವಿಚಾರಿಸುವುದಿಲ್ಲ.

ಗೋಧಿಯ ಹಿಟ್ಟಿನಲ್ಲೂ ಇಂಥ ಬ್ಯಾಕ್ಟೀರಿಯಾಗಳಿವೆ. ಹೊಲದಲ್ಲಿ ಕಾಳಿನ ಮೇಲೆ ಕುಳಿತಿದ್ದ ನಾನಾ ಬಗೆಯ ಸೂಕ್ಷ್ಮಜೀವಿಗಳು ಗಿರಣಿಯನ್ನು ದಾಟಿ ಹಿಟ್ಟಿನೊಳಗೆ ಬರುತ್ತವೆ. ನೀರು ಬಿದ್ದ ಕೂಡಲೇ ಅವುಗಳಲ್ಲಿ ಬೇಗ ಬೆಳೆಯುವಂಥವು ಎದ್ದು ನಿಲ್ಲುತ್ತವೆ. ಲ್ಯೂಕೊನೊಸ್ಟಾಕ್ ಮತ್ತು ಅದರಂತೆ ಅನಿಲ ಬಿಡುವ ಇತರ ಬ್ಯಾಕ್ಟೀರಿಯಾಗಳು ಎರಡನೆಯ ದಿನ ಹಿಟ್ಟನ್ನು ಉಬ್ಬಿಸುತ್ತವೆ. ನಾನು ಯೀಸ್ಟ್ ಎಂದು ಹೇಳಿದ್ದು ಇವುಗಳನ್ನೇ! ಆಗ ಬರುವ ವಾಸನೆಯೂ ಅಷ್ಟು ಹಿತವಾಗಿರುವುದಿಲ್ಲ. ಟೆಲಿವಿಷನ್ನಿನಲ್ಲಿ ವಾಸನೆ ಕಾಣುವುದಿಲ್ಲವಲ್ಲ.

ಇವು ಬೆಳೆದಂತೆ ಆಮ್ಲ ಸೇರುತ್ತದೆ, ಪಿಎಚ್ ಇಳಿಯುತ್ತದೆ. ತಾವೇ ಮಾಡಿದ ಹುಳಿಯನ್ನು ತಾವೇ ತಾಳಲಾರದೆ ಈ ಮೊದಲ ಗುಂಪು ಹಿಂದೆ ಸರಿಯುತ್ತದೆ. ಆಗ ಹಿಟ್ಟು ಒಂದೆರಡು ದಿನ ಜೀವವಿಲ್ಲದಂತೆ ತೋರುತ್ತದೆ. ನಮ್ಮ ವಿದ್ಯಾರ್ಥಿನಿ ಕಂಡ "ಸಾವು" ಇದೇ. ಆದರೆ ಒಳಗೆ ಹುಳಿಯನ್ನು ತಾಳಬಲ್ಲ ಲ್ಯಾಕ್ಟೋಬ್ಯಾಸಿಲಸ್ ಜಾತಿಗಳೂ ಯೀಸ್ಟುಗಳೂ ನಿಧಾನವಾಗಿ ವೃದ್ಧಿಯಾಗುತ್ತಿರುತ್ತವೆ. ದಿನವೂ ಸ್ವಲ್ಪ ಹಳೆಯದನ್ನು ಉಳಿಸಿಕೊಂಡು ಹೊಸ ಹಿಟ್ಟು, ನೀರು ಕೊಡುತ್ತ ಹೋದರೆ ಐದು, ಏಳು, ಕೆಲವೊಮ್ಮೆ ಹತ್ತು ದಿನಗಳಲ್ಲಿ ಅದು ಮತ್ತೆ ಏಳುತ್ತದೆ. ಈ ಎರಡನೆಯ ಏರಿಕೆಯೇ ನಿಜವಾದದ್ದು. ವಾಸನೆಯೂ ಬದಲಾಗಿ, ಮಾಗಿದ ಹಣ್ಣು ಮತ್ತು ಮಜ್ಜಿಗೆಯ ನಡುವಿನ ಹುಳಿ ವಾಸನೆ ಬರುತ್ತದೆ.

ಈ ಎರಡನೆಯ ಗುಂಪಿನ ಸಂಸಾರ ಬಹಳ ಸ್ವಾರಸ್ಯಕರವಾದದ್ದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ ಹುಳಿಹಿಟ್ಟಿನ ಬ್ರೆಡ್ಡಿಗೆ ಹೆಸರುವಾಸಿ. ಅಲ್ಲಿನ ಬೇಕರಿಗಳ ಹೆಪ್ಪನ್ನು ಆ ದೇಶದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಕ್ಲೈನ್ ಮತ್ತು ಸುಗಿಹಾರ ಪರೀಕ್ಷಿಸಿ, 1971ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಬಗೆಯ ಯೀಸ್ಟ್ ಮತ್ತು ಒಂದು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬಾಳುತ್ತಿದ್ದವು. ಬ್ಯಾಕ್ಟೀರಿಯಾಗೆ ಆ ಊರಿನ ಹೆಸರನ್ನೇ ಇಟ್ಟರು. ಅದು ಅಲ್ಲಿ ಮಾತ್ರ ಇರುವುದೆಂಬ ನಂಬಿಕೆ ಆಮೇಲೆ ಸುಳ್ಳಾಯಿತು. ಯೂರೋಪಿನ ಹೆಪ್ಪುಗಳಲ್ಲೂ ಅದು ಸಿಕ್ಕಿತು. ಹಿಟ್ಟಿನ ಪಿಷ್ಟ ಒಡೆದಾಗ ಬರುವ ಮಾಲ್ಟೋಸ್ ಎಂಬ ಸಕ್ಕರೆಯೇ ಈ ಬ್ಯಾಕ್ಟೀರಿಯಾದ ಆಹಾರ. ಜೊತೆಯ ಯೀಸ್ಟ್ ಆ ಸಕ್ಕರೆಯನ್ನು ಮುಟ್ಟುವುದೇ ಇಲ್ಲ, ಬೇರೆ ಸಕ್ಕರೆಗಳಿಂದ ಬದುಕುತ್ತದೆ. ಒಂದೇ ಮನೆಯಲ್ಲಿದ್ದರೂ ತಟ್ಟೆ ಬೇರೆ ಬೇರೆ, ಆದ್ದರಿಂದ ಜಗಳವಿಲ್ಲ! ಬ್ಯಾಕ್ಟೀರಿಯಾ ಬಿಡುವ ಆಮ್ಲವನ್ನು ಈ ಯೀಸ್ಟ್ ತಡೆದುಕೊಳ್ಳುತ್ತದೆ, ಆ ಆಮ್ಲವೇ ಹೊರಗಿನ ಕೀಟಾಣುಗಳನ್ನು ದೂರವಿಡುತ್ತದೆ.

ಇಷ್ಟನ್ನು ಓದಿ ತಿಳಿದೆ. ಆದರೆ ಓದಿದ್ದನ್ನೇ ಮತ್ತೆ ಹೇಳಿಬಿಟ್ಟರೆ ಮೊದಲಿನ ತಪ್ಪಿನ ದಾರಿಯೇ ಆಗುತ್ತದೆ. ಆದ್ದರಿಂದ ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಎರಡನೆಯ ದಿನದ ಉಬ್ಬು ಹುಳಿಯನ್ನು ತಾಳದ ಬ್ಯಾಕ್ಟೀರಿಯಾದಿಂದ ಬರುವುದು ನಿಜವಾದರೆ, ಮೊದಲ ದಿನದಿಂದಲೇ ಹುಳಿ ಸೇರಿಸಿದಾಗ ಆ ಉಬ್ಬು ಬರಬಾರದು, ಅಲ್ಲವೇ? ಒಂದೇ ಅಳತೆಯ ಎರಡು ಗಾಜಿನ ಭರಣಿಗಳನ್ನು ತೆಗೆದುಕೊಂಡು ಎರಡಕ್ಕೂ 50 ಗ್ರಾಂ ಗೋಧಿಹಿಟ್ಟು ಹಾಕಿದೆ. ಒಂದಕ್ಕೆ 50 ಗ್ರಾಂ ನೀರು, ಇನ್ನೊಂದಕ್ಕೆ ಅಷ್ಟೇ ತೂಕದ ಅನಾನಸ್ ಹಣ್ಣಿನ ರಸ. ತಾಜಾ ರಸದಲ್ಲಿ ಪ್ರೋಟೀನನ್ನು ಒಡೆಯುವ ಬ್ರೊಮಿಲೇನ್ ಎಂಬ ಕಿಣ್ವವಿರುವುದರಿಂದ ಅದನ್ನು ಕುದಿಸಿ ಆರಿಸಿಕೊಂಡಿದ್ದೆ. ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ಭರಣಿಯ ಹೊರಗೆ ಒಂದೊಂದು ರಬ್ಬರ್ ಬ್ಯಾಂಡ್. ಮೂರನೆಯ ದಿನದಿಂದ ಎರಡಕ್ಕೂ ನೀರೇ.

ನೀರಿನ ಭರಣಿ ಎರಡನೆಯ ದಿನ ಧಾರಾಳವಾಗಿ ಉಬ್ಬಿತು, ನಾಲ್ಕನೆಯ ದಿನ ತಣ್ಣಗಾಯಿತು, ಎಂಟನೆಯ ದಿನ ಮತ್ತೆ ಎದ್ದಿತು. ಅನಾನಸ್ ರಸದ ಭರಣಿ ಮೊದಲ ಮೂರು ದಿನ ಕಲ್ಲಿನಂತೆ ಕುಳಿತಿದ್ದು, ಐದನೆಯ ದಿನ ನೇರವಾಗಿ ಏರತೊಡಗಿತು. ಒಂದು ಮನೆಯ ಒಂದು ಪ್ರಯೋಗದಿಂದ ಎಲ್ಲವೂ ಸಾಬೀತಾಗುವುದಿಲ್ಲ. ಆದರೂ ವಿವರಣೆಗೆ ಇದು ಹೊಂದುತ್ತದೆ. ಈಗ ಧೈರ್ಯವಾಗಿ ಹೇಳುತ್ತೇನೆ: ನಾಲ್ಕನೆಯ ದಿನ ಹಿಟ್ಟನ್ನು ಚೆಲ್ಲಬೇಡಿ, ಎರಡನೆಯ ದಿನ ಅದನ್ನು ನಂಬಬೇಡಿ.

ಹೆಪ್ಪು ಸಿದ್ಧವಾಯಿತೆಂದು ತಿಳಿಯುವುದು ಹೇಗೆ? ಹೊಸ ಹಿಟ್ಟು, ನೀರು ಕೊಟ್ಟು ರಬ್ಬರ್ ಬ್ಯಾಂಡ್ ಹಾಕಿ. ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರೆಂಟು ಗಂಟೆಗಳಲ್ಲಿ ಎರಡರಷ್ಟಾಗಬೇಕು. ಒಂದು ದಿನವಲ್ಲ, ಸತತವಾಗಿ ಮೂರು ದಿನ ಹಾಗಾಗಬೇಕು. ಒಂದು ಚಮಚ ಹೆಪ್ಪು ನೀರಿನಲ್ಲಿ ತೇಲಿದರೆ ಸಾಕೆಂದು ಕೆಲವರು ಹೇಳುತ್ತಾರೆ. ತೇಲುವುದು ಅನಿಲದಿಂದ, ಆ ಅನಿಲ ಯಾರದೆಂದು ನೀರಿಗೆ ಗೊತ್ತಾಗುವುದಿಲ್ಲ. ಎರಡನೆಯ ದಿನದ ಸುಳ್ಳು ಹೆಪ್ಪೂ ತೇಲುತ್ತದೆ.

ಇನ್ನು ನಾದಿದ ಹಿಟ್ಟಿನ ದೂರುಗಳನ್ನು ನೋಡೋಣ. ಅರ್ಧ ಕಿಲೋ ಹಿಟ್ಟಿಗೆ 325 ಗ್ರಾಂ ನೀರು, 100 ಗ್ರಾಂ ಹೆಪ್ಪು, 10 ಗ್ರಾಂ ಉಪ್ಪು ಎಂದು ಇಟ್ಟುಕೊಳ್ಳಿ. ಬೇಗ ಬೇಗ ಉಬ್ಬಲೆಂದು ಉಪ್ಪನ್ನು ಬಿಡಬೇಡಿ. ಅದು ಹುದುಗುವಿಕೆಯನ್ನು ಸ್ವಲ್ಪ ತಡೆಯುವುದು ನಿಜ, ಆದರೆ ಹಿಟ್ಟಿನ ಗ್ಲುಟೆನ್ ಜಾಲವನ್ನು ಬಿಗಿಗೊಳಿಸುವುದೂ ಅದೇ.

ಮೊದಲನೆಯ ದೂರು, "ಹಿಟ್ಟು ಮೇಲೇಳುವುದಿಲ್ಲ." ಹೆಪ್ಪು ಸರಿಯಾಗಿದ್ದರೆ ಮುಂದೆ ನೋಡಬೇಕಾದದ್ದು ಉಷ್ಣತೆಯನ್ನು. ಗೋಡೆಯ ಗಡಿಯಾರವನ್ನಲ್ಲ, ಹಿಟ್ಟಿಗೇ ಥರ್ಮಾಮೀಟರ್ ಇಟ್ಟು ನೋಡಿ. ಮಡಿಕೇರಿಯ ಡಿಸೆಂಬರಿನಲ್ಲಿ ಐದು ಗಂಟೆಯ ಕೆಲಸಕ್ಕೆ ಹನ್ನೆರಡು ಗಂಟೆ ಹಿಡಿದರೆ ಅದು ದೋಷವಲ್ಲ. ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿನ ನೀರಿನ ತಟ್ಟೆಯಲ್ಲಿ ಇಡಿ, ಸಾಕು.

ಎರಡನೆಯ ದೂರು, "ಹಿಟ್ಟು ಹುಳಿಯಾಗಿದೆ, ಜಿಗುಟಾಗಿ ಹರಿಯುತ್ತಿದೆ, ಎಳೆದರೆ ಹರಿದುಹೋಗುತ್ತದೆ." ಕಲಬುರಗಿ, ರಾಯಚೂರಿನ ಗೆಳೆಯರೇ, ಬೇಸಿಗೆಯಲ್ಲಿ ಇದು ನಿಮ್ಮ ದೂರು. ಸ್ಯಾನ್ ಫ್ರಾನ್ಸಿಸ್ಕೋದ ಹೆಪ್ಪಿನಲ್ಲಿರುವ ಯೀಸ್ಟಿಗೆ ಹಿತವಾದ ಉಷ್ಣತೆ ಸುಮಾರು 27 ಡಿಗ್ರಿ, ಬ್ಯಾಕ್ಟೀರಿಯಾಗೆ ಸುಮಾರು 32 ಡಿಗ್ರಿ. 36 ಡಿಗ್ರಿಯ ಹೊತ್ತಿಗೆ ಆ ಯೀಸ್ಟಿನ ಬೆಳವಣಿಗೆ ನಿಂತೇಹೋಗುತ್ತದೆ. ಅಂದರೆ ಸೆಕೆಯಲ್ಲಿ ಅನಿಲಕ್ಕಿಂತ ಆಮ್ಲ ಮುಂದೆ ಓಡುತ್ತದೆ. ಹಿಟ್ಟಿನಲ್ಲೇ ಇರುವ, ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಹುಳಿಯಲ್ಲಿ ಚುರುಕಾಗಿ ಗ್ಲುಟೆನ್ ಜಾಲವನ್ನು ಹರಿದುಹಾಕುತ್ತವೆ. ಬಲೆ ಹರಿದ ಮೇಲೆ ಅನಿಲ ನಿಲ್ಲುವುದೆಲ್ಲಿ? ತಣ್ಣೀರಿನಲ್ಲಿ ಕಲಸಿ, ಪಾತ್ರೆಗೆ ಒದ್ದೆಬಟ್ಟೆ ಸುತ್ತಿ, ಹೆಪ್ಪನ್ನು ಕಡಿಮೆ ಹಾಕಿ. ಹರಿದ ಹಿಟ್ಟಿಗೆ ಇನ್ನಷ್ಟು ಹಿಟ್ಟು ಸೇರಿಸಿ ನಾದಿದರೆ ಅದು ಸರಿಹೋಗುವುದಿಲ್ಲ; ತಟ್ಟಿ ಕಾವಲಿಯ ಮೇಲೆ ರೊಟ್ಟಿ ಬೇಯಿಸಿಕೊಳ್ಳಿ.

ಮೂರನೆಯದು, "ಗೋಧಿಹಿಟ್ಟಿನಲ್ಲಿ ಮಾಡಿದರೆ ಇಟ್ಟಿಗೆಯಾಗುತ್ತದೆ." ಚಪಾತಿಗೆ ಬಳಸುವ ಹಿಟ್ಟಿನಲ್ಲಿರುವ ತೌಡಿನ ಚೂರುಗಳು ಗ್ಲುಟೆನ್ ಜಾಲಕ್ಕೆ ಅಡ್ಡ ಬರುತ್ತವೆ. ಅದು ನೀರನ್ನೂ ಹೆಚ್ಚು ಕುಡಿಯುತ್ತದೆ. ಮೊದಲು ಮೈದಾದಲ್ಲಿ ಕಲಿತು, ಆಮೇಲೆ ಕಾಲುಭಾಗ, ಅರ್ಧಭಾಗ ಎಂದು ಗೋಧಿಹಿಟ್ಟನ್ನು ಬೆರೆಸುತ್ತ ನೀರನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ನಾಲ್ಕನೆಯದು, "ಒಳಗೆ ಅಂಟಂಟಾಗಿದೆ." ತಿರುಳು ಗಟ್ಟಿಯಾಗಿದ್ದು ಅಲ್ಲೊಂದು ಇಲ್ಲೊಂದು ದೊಡ್ಡ ತೂತಿದ್ದರೆ ಹಿಟ್ಟು ಸಾಕಷ್ಟು ಹುದುಗಿಲ್ಲ ಎಂದರ್ಥ. ತೂತುಗಳು ಸರಿಯಾಗಿದ್ದೂ ಅಂಟಿದರೆ ಬೆಂದಿರುವುದು ಸಾಲದು, ಅಥವಾ ಬಿಸಿಯಲ್ಲೇ ಕತ್ತರಿಸಿದ್ದೀರಿ. ಓವನ್ನಿನಿಂದ ತೆಗೆದ ಮೇಲೂ ಪಿಷ್ಟ ಗಟ್ಟಿಯಾಗಲು ಸಮಯ ಬೇಕು. ಒಂದೆರಡು ಗಂಟೆ ತಾಳ್ಮೆಯಿರಲಿ.

ಕೆಲವು ಎಚ್ಚರಿಕೆಗಳು. ಭರಣಿಯ ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ, ಅನಿಲದ ಒತ್ತಡಕ್ಕೆ ಗಾಜು ಒಡೆಯಬಹುದು. ಹಿಟ್ಟಿನ ಮೇಲೆ ಬೂಷ್ಟು ಅಥವಾ ಗುಲಾಬಿ, ಕಿತ್ತಳೆ ಬಣ್ಣದ ಗೆರೆ ಕಂಡರೆ ಯೋಚಿಸದೆ ಎಸೆಯಿರಿ. ಮೊದಲ ವಾರದ ಹಿಟ್ಟನ್ನು ಅಡುಗೆಗೆ ಬಳಸಬೇಡಿ. ಹೆಪ್ಪು ಪಕ್ವವಾದ ಮೇಲೆ ದಿನವೂ ಉಳಿಯುವ ಭಾಗವನ್ನು ಗೋಧಿದೋಸೆಗೆ ಹಾಕಬಹುದು, ಆಗ ಮನೆಯಲ್ಲಿ ದಂಡದ ಮಾತು ಬರುವುದಿಲ್ಲ. ಓವನ್ ಬಳಸುವಾಗ ಹಿರಿಯರು ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಹಿಟ್ಟು ಕೆಟ್ಟಾಗ ನಾವು ಹಿಟ್ಟಿನ ಬ್ರಾಂಡು, ನೀರು, ಜಾಗ, ಹೆಪ್ಪಿನ ಅಳತೆ ಎಲ್ಲವನ್ನೂ ಒಂದೇ ದಿನ ಬದಲಾಯಿಸಿಬಿಡುತ್ತೇವೆ. ಅದೃಷ್ಟದಿಂದ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ದಿನಾಂಕ, ಉಷ್ಣತೆ, ಏರಿದ ಮಟ್ಟ ಬರೆದಿಡಿ. ನಾನು ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದ ದಾಖಲೆ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ನಕಲು ಮಾಡಿದವನು. ಅದರ ಬೆಲೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು.

ಆ ವಿದ್ಯಾರ್ಥಿನಿಗೆ ಬರೆದೆ, ನಿನ್ನಿಂದ ತಪ್ಪಾಗಿಲ್ಲ, ನಾವು ತಪ್ಪು ಹೇಳಿದ್ದೆವು, ಬೇಕರಿಯ ಬ್ರೆಡ್ ತೋರಿಸಿದ್ದೆವು ಎಂದು. ಒಂದು ತಿಂಗಳ ಮೇಲೆ ಆಕೆಯ ಎರಡನೆಯ ಪತ್ರ ಬಂತು. ಒಳಗೆ ಒಂದು ಗ್ರಾಫ್ ಹಾಳೆ. ಎರಡನೆಯ ದಿನ ಗೆರೆ ಮೇಲೆ ಹೋಗಿದೆ, ನಾಲ್ಕರಿಂದ ಏಳರವರೆಗೆ ನೆಲಕ್ಕಂಟಿ ಮಲಗಿದೆ, ಒಂಬತ್ತನೆಯ ದಿನ ಮತ್ತೆ ಎದ್ದಿದೆ. ಕೆಳಗೆ ಒಂದು ಸಾಲು: "ಸರ್, ಈ ನಾಲ್ಕು ದಿನವೂ ಅಳತೆ ತೆಗೆದುಕೊಂಡಿದ್ದೇನೆ, ಸೊನ್ನೆ ಎಂದೇ ಬರೆದಿದ್ದೇನೆ."

ಕ್ಯಾಮೆರಾ ಬಿಟ್ಟುಹೋದ ನಾಲ್ಕು ದಿನಗಳು ಅವು. ಈ ಸಲ ಆ ದಿನಗಳನ್ನೂ ಚಿತ್ರೀಕರಿಸುತ್ತಿದ್ದೇವೆ, ಕೊನೆಗೆ ಆ ಹಿಟ್ಟಿನದೇ ಬ್ರೆಡ್ ತೋರಿಸುತ್ತೇವೆ, ಅದು ಹೇಗೇ ಬರಲಿ. ನೀವೂ ಮಾಡಿ, ನಿಮ್ಮ ಸೊನ್ನೆಗಳನ್ನೂ ಬರೆದು ಕಳುಹಿಸಿ.