ರಜೆಯ ಕಾದಂಬರಿ, ತಮ್ಮನ ತೊಟ್ಟಿಲು



ಬೇಸಿಗೆ ರಜೆಯೆಂದರೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಅನೇಕ ಹೆಣ್ಣುಮಕ್ಕಳಿಗೆ ಅಜ್ಜಿಮನೆ, ಮಧ್ಯಾಹ್ನದ ಬಿಸಿಲು ಮತ್ತು ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತುಹೋದ ಒಂದು ಕಾದಂಬರಿ. ಹಾಗೆ ಓದಿಸಿಕೊಂಡ ಲೇಖಕಿಯರಲ್ಲಿ ತ್ರಿವೇಣಿ ಮುಖ್ಯರು. ಇಂಥ ಪುಸ್ತಕಗಳನ್ನು ಹೊತ್ತು ಕಳೆಯುವ ಪ್ರೇಮಕಥೆಗಳೆಂದು ಹಿರಿಯರು ಬದಿಗೆ ತಳ್ಳಿದ್ದುಂಟು. ಅದು ಸರಿಯೇ ಎಂಬುದನ್ನು ‘ಬೆಳ್ಳಿ ಮೋಡ’ವನ್ನು ಮುಂದಿಟ್ಟುಕೊಂಡು ನೋಡೋಣ.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರ ಮಾಡಿದರು. ಸಿರಿವಂತರ ಒಬ್ಬಳೇ ಮಗಳು ಇಂದಿರಾ. ಅವಳ ಕೈಹಿಡಿಯಬೇಕಾದ ಮೋಹನ ಮಾವನಾಗುವವರ ಹಣದಿಂದಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳ ತಾಯಿಗೆ ತಡವಾಗಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಮೋಹನನ ಪ್ರೀತಿ ಕರಗುತ್ತದೆ. ಹೆರಿಗೆಯಿಂದ ಬಳಲಿದ ತಾಯಿಯೂ ತೀರಿಕೊಳ್ಳುತ್ತಾಳೆ.

ಎರಡು ದುಃಖ, ಎರಡಕ್ಕೂ ನಿಮಿತ್ತ ತೊಟ್ಟಿಲಲ್ಲಿರುವ ಕೂಸು. ಅದನ್ನು ದ್ವೇಷಿಸುವುದು ಎಷ್ಟು ಸುಲಭ! ಇಂದಿರಾ ಅದನ್ನು ಎತ್ತಿಕೊಳ್ಳುತ್ತಾಳೆ. ಪೆಟ್ಟಾಗಿ ಮಲಗಿದ ಮೋಹನನಿಗೂ ಶುಶ್ರೂಷೆ ಮಾಡುತ್ತಾಳೆ. ಅವನು ಪಶ್ಚಾತ್ತಾಪಪಟ್ಟು ಕೇಳಿದಾಗ ಮಾತ್ರ ಒಲ್ಲೆನೆನ್ನುತ್ತಾಳೆ. ಪ್ರೇಮದ ನಿಜವಾದ ತೂಕ ಅವಳಿಗೆ ತಿಳಿದದ್ದು ಅಕ್ಕನಾದ ಮೇಲೆ.

ಗಂಡು ಹುಟ್ಟಿದೊಡನೆ ಹೆಣ್ಣಿನ ಬೆಲೆ ಇಳಿಯಬೇಕೆ? ಈ ಸೀಮೆಗೆ ಇದು ಹೊಸ ಪ್ರಶ್ನೆಯಲ್ಲ. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ, ಹೆತ್ತವಳೂ ಸಾಕಿದವಳೂ ಹೆಣ್ಣಾಗಿರುವಾಗ ಹೆಣ್ಣನ್ನು ಕೀಳೆನ್ನುವುದೇಕೆ ಎಂದು ‘ಹದಿಬದೆಯ ಧರ್ಮ’ದಲ್ಲಿ ಕೇಳಿದ್ದಾಳೆ. ಪತಿವ್ರತೆಯ ನಡತೆಯನ್ನು ಹೇಳಲು ಹೊರಟ ಕಾವ್ಯದೊಳಗೇ ಆ ಮಾತು ಬಂದಿದೆ. ಪ್ರೇಮಕಥೆ ಹೇಳಲು ಹೊರಟ ಕಾದಂಬರಿಯೊಳಗೆ ತ್ರಿವೇಣಿಯವರದು.

ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿಯವರೂ ಕಾದಂಬರಿಕಾರ್ತಿ. ಅಕ್ಕ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ವಯಸ್ಸು 35 ತುಂಬುವ ಮೊದಲೇ ತೀರಿಕೊಂಡರು. ತಾಯಿಯಿಲ್ಲದ ತೊಟ್ಟಿಲನ್ನು ಅವರು ಕಥೆಯಲ್ಲಿ ಮೊದಲೇ ತೂಗಿದ್ದರು.

ಆದ್ದರಿಂದ, ರಜೆಯಲ್ಲಿ ಮನೆಯ ಹುಡುಗಿ ಕಾದಂಬರಿ ಓದಿ ಕಣ್ಣೊರೆಸಿಕೊಂಡರೆ ನಗಬೇಡಿ. ಅಮ್ಮನಿಲ್ಲದ ಮನೆಯಲ್ಲಿ ಅಕ್ಕನಾಗುವುದು ಹೇಗೆಂದು ಅವಳು ಕಲಿಯುತ್ತಿರಬಹುದು. ಯಾರನ್ನು ಬೇಡವೆನ್ನಬೇಕು ಎಂಬುದನ್ನೂ.