ದೋಸೆಯ ಬೆಲೆಯಲ್ಲಿ ಯಾರ ಯಾರ ಪಾಲು?

(ಅಕ್ಕಿ ಗಿರಣಿ ಮತ್ತು ಮಂಡಕ್ಕಿ ಭಟ್ಟಿಗಳ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ದಾವಣಗೆರೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೋಟೆಲಿನ ತಿಂಡಿಯ ಬೆಲೆಯನ್ನು ಕುರಿತು ಭಾಷಣವೇ ಎಂದು ಇಬ್ಬರು ಮಿತ್ರರು ನಕ್ಕರು. ದೇಶದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಗಳಿಲ್ಲವೇ ಎಂದರು. ಇವೆ. ಆದರೆ ದೊಡ್ಡ ಪ್ರಶ್ನೆಗಳ ಬಗ್ಗೆ ಮಾತನಾಡಲು ಬಂದವನಿಗೂ ಮಧ್ಯಾಹ್ನ ಒಂದು ಗಂಟೆಗೆ ಹಸಿವಾಗುತ್ತದೆ. ಆಗ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ.

ಉಳ್ಳವರಿಗೆ ಹೋಟೆಲೆಂದರೆ ಒಂದು ಶೋಕಿ. ಭಾನುವಾರ ಸಂಜೆ ಹೆಂಡತಿ ಮಕ್ಕಳೊಂದಿಗೆ ಹೋಗಿ ಬರುವ ಜಾಗ. ಬೆಲೆ ಏರಿದರೆ ಅವರು ಒಂದು ವಾರ ತಪ್ಪಿಸಿಯಾರು. ಆದರೆ ಎ.ಪಿ.ಎಂ.ಸಿ. ಯಾರ್ಡಿನ ಹಮಾಲಿ, ರಾತ್ರಿ ಪಾಳಿಯ ಲಾರಿ ಡ್ರೈವರು, ಬೇರೆ ಊರಿನಿಂದ ಬಂದು ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿದಿರುವ ಹುಡುಗರು, ಬೆಳಗಿನ ಬಸ್ಸಿಗೆ ಮಾಲು ತರಲು ಬರುವ ಹಳ್ಳಿಯ ಅಂಗಡಿಯವನು - ಇವರಿಗೆ ಹೋಟೆಲೇ ಅಡಿಗೆಮನೆ. ಒಂದು ಲೆಕ್ಕಕ್ಕೆ ದಿನಗೂಲಿ 500 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ತಿಂಡಿ–ಕಾಫಿ 60, ಮಧ್ಯಾಹ್ನ ಊಟ 80, ರಾತ್ರಿ ಇನ್ನೊಂದು 80 ಆದರೆ 220 ರೂಪಾಯಿ ಆಯಿತು. ಎಂಟು ಗಂಟೆಯ ದುಡಿಮೆಯಲ್ಲಿ ಮೂರೂವರೆ ಗಂಟೆ ತನ್ನ ಹೊಟ್ಟೆಗೇ ಹೋಯಿತು. ಊರಿಗೆ ಕಳಿಸುವುದು ಉಳಿದುದರಲ್ಲಿ. ಅಂಥವನಿಗೆ ತಟ್ಟೆಯ ಮೇಲೆ ಹತ್ತು ರೂಪಾಯಿ ಏರಿತೆಂದರೆ ತಿಂಗಳಿಗೆ ಒಂದೂವರೆ ದಿನಕ್ಕೂ ಹೆಚ್ಚಿನ ಕೂಲಿ ಕಡಿದಂತೆ.

ಬೆಲೆ ಸುಮ್ಮನೆ ಏರಿದೆಯೇ? ಇಲ್ಲ. ಹೋಟೆಲಿನವರನ್ನೆಲ್ಲ ಒಂದೇ ಗಾಣಕ್ಕೆ ಹಾಕುವುದು ಅನ್ಯಾಯ. ನಂದಿನಿ ಹಾಲು 2023ರ ಆಗಸ್ಟಿನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2025ರ ಏಪ್ರಿಲ್ 1ರಿಂದ ಮತ್ತೆ 4 ರೂಪಾಯಿ. ಹಸು ಸಾಕುವವನಿಗೆ ಆ ಹಣ ಸೇರುವುದಾದರೆ ನಾವು ತಕರಾರು ಮಾಡಬಾರದು. ಕಾಫಿಯ ಕಥೆ ಇನ್ನೂ ವಿಚಿತ್ರ. ಭಾರತದ ಕಾಫಿಯಲ್ಲಿ ಸುಮಾರು 70 ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಇಲ್ಲಿಂದ ಗಿಡ ನೋಡಲು ಅರ್ಧ ದಿನದ ಪ್ರಯಾಣ ಸಾಕು. ಆದರೆ ಬೆಲೆ ತೀರ್ಮಾನವಾಗುವುದು ಲಂಡನ್ ಮತ್ತು ನ್ಯೂಯಾರ್ಕಿನ ಪೇಟೆಗಳಲ್ಲಿ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟಿತು. 2025ರ ಆರಂಭದಲ್ಲಿ ಅರೇಬಿಕಾ ಹಿಂದೆಂದೂ ಇಲ್ಲದ ಬೆಲೆ ಮುಟ್ಟಿತು. ಇಲ್ಲಿ ನಮ್ಮ ಬೈಟು ಕಾಫಿಯ ಲೋಟ ಇನ್ನಷ್ಟು ಸಣ್ಣದಾಯಿತು.

ಇನ್ನು ಗ್ಯಾಸು. ಮನೆಯ 14.2 ಕಿಲೋ ಸಿಲಿಂಡರಿಗೆ ಜಿ.ಎಸ್.ಟಿ. ನೂರಕ್ಕೆ 5, ಹೋಟೆಲಿನ 19 ಕಿಲೋ ಸಿಲಿಂಡರಿಗೆ ನೂರಕ್ಕೆ 18. 2022ರ ಮೇ ತಿಂಗಳಲ್ಲಿ ಈ ದೊಡ್ಡ ಸಿಲಿಂಡರು ದೆಹಲಿಯಲ್ಲಿ 2,300 ರೂಪಾಯಿ ದಾಟಿತ್ತು. ಆಮೇಲೆ ಇಳಿಯಿತು, ಏರಿತು, ಮತ್ತೆ ಇಳಿಯಿತು. ಗ್ಯಾಸು ಇಳಿದ ತಿಂಗಳು ದೋಸೆ ಇಳಿದದ್ದನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ ಕೈ ಎತ್ತಿ. ಹೋಗಲಿ, ಇನ್ನೊಂದು ಕೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪಗಳ ಮೇಲಿನ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಬೆಣ್ಣೆ ದೋಸೆಯ ಊರು ನಮ್ಮದು. ಎಷ್ಟು ಹೋಟೆಲುಗಳ ಬೋರ್ಡಿನ ಮೇಲೆ ಬೆಲೆ ಅಳಿಸಿ ಕಡಿಮೆ ಬರೆದರು?

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು. ಲೆಕ್ಕ ಮಾಡದೆ ಬಿಡುವ ಅಭ್ಯಾಸವಿಲ್ಲ. ಪರಿಚಯದ ಸಣ್ಣ ಹೋಟೆಲಿನವರೊಬ್ಬರ ಗಲ್ಲಾದ ಪಕ್ಕ ಕುಳಿತು ಒಂದು ದೋಸೆಯನ್ನು ಬಿಡಿಸಿ ನೋಡಿದೆ. ಒಂದು ಕಿಲೋ ಅಕ್ಕಿ, ಕಾಲು ಕಿಲೋ ಉದ್ದಿನ ಬೇಳೆ, ಒಂದಿಷ್ಟು ಮೆಂತ್ಯ. ಅಕ್ಕಿಗೆ 45, ಬೇಳೆಗೆ 30, ಒಟ್ಟು 75 ರೂಪಾಯಿ ಹಿಡಿಯಿರಿ. ನೆನೆದು ರುಬ್ಬಿ ಹುದುಗು ಬಂದ ಹಿಟ್ಟಿನಲ್ಲಿ ಸುಮಾರು 25 ದೋಸೆ ಏಳುತ್ತವೆ. ಅಂದರೆ ದೋಸೆಯೊಂದಕ್ಕೆ ಧಾನ್ಯದ ಖರ್ಚು 3 ರೂಪಾಯಿ! ಬೆಣ್ಣೆ, ಪಲ್ಯ, ಕಾಯಿಚಟ್ನಿ ಸೇರಿ ಇನ್ನೊಂದು 13, ಗ್ಯಾಸಿಗೆ 3. ತೆಂಗಿನಕಾಯಿಯ ಬೆಲೆ 2025ರಲ್ಲಿ ಹೇಗೆ ಹಾರಿತೆಂದು ನಿಮಗೆ ಗೊತ್ತು. ಚಟ್ನಿಗೆ ಪುಟಾಣಿ ಹೆಚ್ಚಿದ್ದೂ ಆಗಲೇ. ಎಲ್ಲ ಸೇರಿ ಸುಮಾರು 20 ರೂಪಾಯಿ. ದೋಸೆ ಮಾರುವುದು 60ಕ್ಕೆ. ಉಳಿದ 40 ಎಲ್ಲಿಗೆ ಹೋಯಿತು?

ಹೋಟೆಲಿನವರು ಗಲ್ಲಾದೊಳಗಿಂದ ಒಂದು ಚೀಟಿ ತೆಗೆದು ತೋರಿಸಿದರು. ಕಟ್ಟಡದ ಬಾಡಿಗೆ ತಿಂಗಳಿಗೆ 30,000. ವರ್ಷ ವರ್ಷವೂ ಏರಿಸುವ ಕರಾರು. ಕೊಟ್ಟ ಅಡ್ವಾನ್ಸಿಗೆ ತಂದ ಸಾಲದ ಬಡ್ಡಿ ಬೇರೆ. ದಿನಕ್ಕೆ ಬಾಡಿಗೆಯೇ ಸಾವಿರ ರೂಪಾಯಿ! ಅವರು ದಿನಕ್ಕೆ 100 ತಟ್ಟೆ ಮಾರಿದರೆ ಪ್ರತಿ ತಟ್ಟೆಯಲ್ಲಿ 10 ರೂಪಾಯಿ ಕಟ್ಟಡದ ಯಜಮಾನನದು. ಆತ ಅಕ್ಕಿ ನೆನೆಹಾಕಿದವನಲ್ಲ, ಹೊಗೆ ಕುಡಿದವನಲ್ಲ. ಅನ್ನ ಬೆಳೆದ ರೈತ, ಅಕ್ಕಿ ಮಾಡಿದ ಗಿರಣಿಯ ಆಳು, ಬೇಳೆಯ ವ್ಯಾಪಾರಿ ಇಷ್ಟು ಜನಕ್ಕೆ ಸೇರಿ 3 ರೂಪಾಯಿ, ಗೋಡೆಗೆ 10. ಇಲ್ಲಿ ಕುಳಿತಿರುವ ಅಂಗಡಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಬಟ್ಟೆಯ ಬೆಲೆಯಲ್ಲೂ ಪಾತ್ರೆಯ ಬೆಲೆಯಲ್ಲೂ ಇದೇ ಗೋಡೆ ಕೂತಿದೆ.

ಈ ಲೆಕ್ಕದಿಂದಲೇ ತಿನ್ನುವವನಿಗೆ ಒಂದು ಉಪಯೋಗದ ಮಾತು ಸಿಗುತ್ತದೆ. ಅದೇ ಹೋಟೆಲು ದಿನಕ್ಕೆ 300 ತಟ್ಟೆ ಮಾರಿದರೆ ಬಾಡಿಗೆಯ ಪಾಲು 3 ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಆದ್ದರಿಂದ ನೂಕುನುಗ್ಗಲಿರುವ, ನಾಲ್ಕೇ ತಿಂಡಿ ಮಾಡುವ, ಹನ್ನೊಂದು ಗಂಟೆಗೆ ‘ಖಾಲಿ’ ಎನ್ನುವ ಹೋಟೆಲು ಸಾಮಾನ್ಯವಾಗಿ ಅಗ್ಗ, ಹಿಟ್ಟೂ ಅಂದಿನದೇ. ನೂರು ಬಗೆಯ ಪಟ್ಟಿ ಕೈಗೆ ಕೊಡುವ ಕಡೆ, ಕೆಡುವ ಮಾಲಿನ ನಷ್ಟವನ್ನೂ ನಿಮ್ಮ ತಟ್ಟೆಗೇ ಬಡಿಸಿರುತ್ತಾರೆ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ನಿಂತು ತಿನ್ನುವ ದರ್ಶಿನಿಗಳು ಹುಟ್ಟಿ ಬೆಳೆದುದರ ಗುಟ್ಟೂ ಇದೇ: ಕುರ್ಚಿಯಿಲ್ಲ, ಸಪ್ಲೈಯರಿಲ್ಲ, ಒಂದು ಮೇಜಿನ ಜಾಗದಲ್ಲಿ ಗಂಟೆಗೆ ಹಲವು ಮಂದಿ. ಆದರೆ ಎಂಟು ಗಂಟೆ ಚೀಲ ಹೊತ್ತವನಿಗೆ ನಿಂತು ಉಣ್ಣು ಎನ್ನುವುದು ನನಗೇನೋ ಒಪ್ಪದು. ಕೂತು ಉಣ್ಣುವುದು ಅವನ ಹಕ್ಕು.

ಕೂತು ಉಣ್ಣಬೇಕಾದವನು ಖಾನಾವಳಿಗೆ ಹೋಗಲಿ. ರೊಟ್ಟಿ, ಪಲ್ಯ, ಕಾಳು, ಅನ್ನ, ಸಾರು ಎಲ್ಲ ಕೊಟ್ಟು ಅನ್ನಕ್ಕೆ ಮತ್ತೊಮ್ಮೆ ಬರುವ ಕಡೆ, ಹಸಿದ ದುಡಿಮೆಗಾರನಿಗೆ ಪ್ಲೇಟ್ ಮೀಲ್ಸಿಗಿಂತ ಅದೇ ಲಾಭ. ಪ್ಲೇಟ್ ಮೀಲ್ಸು 20 ರೂಪಾಯಿ ಕಡಿಮೆ ಎಂದು ಉಂಡು, ನಾಲ್ಕು ಗಂಟೆಗೆ ಮಿರ್ಚಿ ಮಂಡಕ್ಕಿಗೆ 30 ಕೊಡುವವರನ್ನು ದಿನಾ ನೋಡುತ್ತೇವೆ. (ಮಿರ್ಚಿ ಮಂಡಕ್ಕಿಯ ಮೇಲೆ ನನಗೇನೂ ದ್ವೇಷವಿಲ್ಲ; ಭಟ್ಟಿಯವರು ಎದುರಿಗೇ ಕೂತಿದ್ದೀರಿ.) ತಿಂಗಳ ಕೂಪನ್ ಕೊಡುವ ಮೆಸ್ಸುಗಳಲ್ಲಿ ಊಟಕ್ಕೆ ಹತ್ತು ಹದಿನೈದು ಉಳಿಯಬಹುದು, ಆದರೆ ರಜೆಯಲ್ಲಿ ಊರಿಗೆ ಹೋದ ದಿನಗಳ ಕೂಪನ್ ಮುಂದಿನ ತಿಂಗಳಿಗೆ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮೊಬೈಲಿನಲ್ಲಿ ಊಟ ತರಿಸುವ ಚಟ ನಮ್ಮ ಹುಡುಗರಿಗೂ ಹತ್ತಿದೆ. ಆ ಕಂಪನಿಗಳು ಹೋಟೆಲಿನಿಂದ ಕಮಿಷನ್ ಹಿಡಿಯುತ್ತವೆ, ಹೋಟೆಲಿನವನು ಅದನ್ನು ಬೆಲೆಗೆ ಸೇರಿಸುತ್ತಾನೆ. ಅದರ ಮೇಲೆ 2023ರಲ್ಲಿ 2 ರೂಪಾಯಿಯಿಂದ ಶುರುವಾದ ‘ಪ್ಲಾಟ್‌ಫಾರ್ಮ್ ಫೀ’ 2024ರ ದೀಪಾವಳಿಯ ಹೊತ್ತಿಗೆ 10ಕ್ಕೆ ಬಂತು. ಬಿಸಿಲಲ್ಲಿ ಬೈಕು ಓಡಿಸಿದ ಹುಡುಗನ ಕೂಲಿ ಐದು ಪಟ್ಟು ಏರಿತೆಂದು ನಾನಂತೂ ಕೇಳಿಲ್ಲ.

ಬೆಲೆ ಏರಿಸುವುದಕ್ಕಿಂತ ಮೋಸದ ದಾರಿ ಒಂದಿದೆ. ಬೋರ್ಡಿನ ಮೇಲಿನ ಅಂಕಿ ಹಾಗೇ ಇರುತ್ತದೆ, ಇಡ್ಲಿ ಕುಗ್ಗುತ್ತದೆ. ಲೋಟದ ತಳ ದಪ್ಪವಾಗುತ್ತದೆ. ಎರಡನೆಯ ಬಟ್ಟಲು ಸಾಂಬಾರಿಗೆ ಸಪ್ಲೈಯರು ಕಿವಿ ಕೇಳದವನಾಗುತ್ತಾನೆ. ಕಾಫಿಗೆ ಚಿಕೋರಿ ಏರುತ್ತದೆ. ಪೊಟ್ಟಣದಲ್ಲಿ ಮಾರುವ ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದೆಂದು ಕಾನೂನಿದೆ, ಲೋಟದಲ್ಲಿ ಅಳೆಯುವವರಾರು? ಬೆಲೆ ಏರಿಸಿದವನು ಕನಿಷ್ಠ ಬೋರ್ಡಿನ ಮೇಲೆ ಬರೆದು ಏರಿಸಿದ.

ಬಿಲ್ಲು ಓದುವುದನ್ನೂ ಕಲಿಯಬೇಕು. ಸಾಮಾನ್ಯ ಹೋಟೆಲಿನ ಊಟಕ್ಕೆ, ಎ.ಸಿ. ಇರಲಿ ಬಿಡಲಿ, ಜಿ.ಎಸ್.ಟಿ. ನೂರಕ್ಕೆ 5. ಇದು 2017ರ ನವೆಂಬರ್ 15ರಿಂದ ಬಂದದ್ದು. ಅದಕ್ಕೆ ಮೊದಲು 12 ಮತ್ತು 18 ಇತ್ತು. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನ ಅನೇಕ ಹೋಟೆಲುಗಳು ‘ಕಾಂಪೊಸಿಷನ್’ ಪದ್ಧತಿಯಲ್ಲಿರುತ್ತವೆ. ಅವರು ತೆರಿಗೆಯನ್ನು ತಮ್ಮ ವಹಿವಾಟಿನಿಂದ ಕಟ್ಟಬೇಕು. ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಹಾಗೆಂದು ಅಂಗಡಿಯಲ್ಲಿ ಫಲಕವನ್ನೂ ಹಾಕಿರಬೇಕು. ಬಿಲ್ಲಿನಲ್ಲಿ ಜಿ.ಎಸ್.ಟಿ. ನಂಬರಿಲ್ಲದೆ ಜಿ.ಎಸ್.ಟಿ. ಹಣ ಮಾತ್ರ ಇದ್ದರೆ ನಿಂತು ಕೇಳಿ. ‘ಸರ್ವಿಸ್ ಚಾರ್ಜ್’ ಎಂಬುದು ಸರ್ಕಾರದ ತೆರಿಗೆಯೇ ಅಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ಹೋಟೆಲಿನವರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ದೂರು ಹೇಳಲು 1915 ಎಂಬ ನಂಬರಿದೆ. ಹಾಗೆಂದು ಸಣ್ಣ ಹೋಟೆಲಿನವನ ಮೇಲೆಯೇ ಎಲ್ಲ ಕಾನೂನು ಝಳಪಿಸಬೇಡಿ. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸಿನವರಿಗೆ ತೆರಿಗೆ ನೋಟೀಸು ಬಂದಾಗ ಎಷ್ಟು ಜನ ರಾತ್ರಿ ನಿದ್ದೆಗೆಟ್ಟರೆಂದು ನಮಗೆ ಗೊತ್ತು.

ಇನ್ನು ಆ 40 ರೂಪಾಯಿಯಲ್ಲಿ ಸಪ್ಲೈಯರನ ಪಾಲೆಷ್ಟು? ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಮೇಜು ಒರೆಸುವ ಹುಡುಗ ಅಗ್ಗದ ಊಟಕ್ಕೆ ತನ್ನ ನಿದ್ದೆಯನ್ನೇ ಸೇರಿಸಿ ಕೊಡುತ್ತಾನೆ. ದಕ್ಷಿಣ ಕನ್ನಡದ ಎಷ್ಟೋ ಮಾಣಿಗಳು ಮುಂಬಯಿಯ ಹೋಟೆಲುಗಳಲ್ಲಿ ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಆ ಸಾಹಸವನ್ನು ಹೊಗಳುವವರು ತಟ್ಟೆ ತೊಳೆಯುತ್ತಲೇ ಮುಗಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಾರ್ಜ್ ಫರ್ನಾಂಡಿಸರು ಇಪ್ಪತ್ತು ತುಂಬುವ ಮೊದಲೇ ಮಂಗಳೂರಿನಲ್ಲಿ ಸಂಘಟನೆಗೆ ಕೈಹಾಕಿದ್ದು ಈ ಹೋಟೆಲ್ ಕೆಲಸಗಾರರ ನಡುವೆಯೇ. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆದ್ದರಿಂದ ನಾವು ಅಗ್ಗದ ಊಟ ಹುಡುಕುವಾಗ ಅದು ಯಾರ ಕೂಲಿಯಿಂದ ಅಗ್ಗವಾಯಿತೆಂದು ಅಡಿಗೆಮನೆಯ ಬಾಗಿಲ ಕಡೆಗೂ ಒಮ್ಮೆ ನೋಡಬೇಕು.

ಸರ್ಕಾರವೇ ಬೆಲೆ ಗೊತ್ತುಮಾಡಲಿ ಎಂದು ನಮ್ಮವರು ಕೂಗುವುದುಂಟು. ಬರೀ ಆದೇಶದಿಂದ ಆಗುವ ಕೆಲಸವಲ್ಲ ಅದು. 1975–77ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಕಡಿಮೆ ಬೆಲೆ ಕಟ್ಟಿದರು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ತಿಂಡಿಯ ಗುಣ ಇಳಿಸಲು ಒಪ್ಪದೆ, ದಿನದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹಾಕಿ, ಕೊನೆಗೆ ಬಾಗಿಲು ಮುಚ್ಚಿದುದನ್ನು ಆ ಮನೆಯವರೇ ಹೇಳಿಕೊಂಡಿದ್ದಾರೆ. ಅಕ್ಕಿ, ಬೇಳೆ, ಬಾಡಿಗೆಗಳನ್ನು ಸಡಿಲ ಬಿಟ್ಟು ದೋಸೆಯೊಂದನ್ನೇ ಕಟ್ಟಿಹಾಕಿದರೆ ಹೀಗೆಯೇ ಆಗುವುದು.

ಸರ್ಕಾರ ತಾನೇ ಒಲೆ ಹಚ್ಚುವುದು ಬೇರೆ ಮಾತು. ಬೆಂಗಳೂರಿನಲ್ಲಿ 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು ಆಮೇಲೆ ಜಿಲ್ಲೆಯ ಊರುಗಳಿಗೂ ಬಂತು: ತಿಂಡಿ 5, ಊಟ 10. ಇದನ್ನು ಹಂಗಿನ ಅನ್ನವೆಂದು ಮೂಗು ಮುರಿಯುವವರ ಮಾತು ಕೇಳಬೇಡಿ. ಅದು ನಿಮ್ಮದೇ ತೆರಿಗೆಯ ಹಣ. ಆದರೆ ಗುತ್ತಿಗೆದಾರರಿಗೆ ಹಣ ಬಾಕಿ ಬಿದ್ದು ಅಲ್ಲಲ್ಲಿ ಒಲೆ ಆರಿದ ಸುದ್ದಿಯನ್ನೂ ಓದಿದ್ದೇವೆ. ಒಲೆ ಆರಿದಾಗ ಕೇಳಲು ಉಣ್ಣುವವರ ಒಂದು ಸಮಿತಿ ಎಲ್ಲಿಯೂ ಇಲ್ಲವಲ್ಲ!

ನನಗೆ ಹೆಚ್ಚು ಭರವಸೆ ಕೊಡುವುದು 1957ರ ಸಂಗತಿ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಡಲು ಹೊರಟಿತು. ಎ.ಕೆ. ಗೋಪಾಲನ್ ಅವರ ಮಾತಿನಂತೆ ಆ ಕೆಲಸಗಾರರೇ ಸಹಕಾರಿ ಸಂಘ ಕಟ್ಟಿಕೊಂಡು ಕಾಫಿ ಹೌಸನ್ನು ತಾವೇ ನಡೆಸಿದರು. ಅಂಥ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಲೋಟ ಎತ್ತುವವನೇ ಪಾಲುದಾರ. ಅಲ್ಲಿಯೂ ಕಷ್ಟಗಳಿವೆ, ಬೆಂಗಳೂರಿನ ಕಾಫಿ ಹೌಸು 2009ರಲ್ಲಿ ಎಂ.ಜಿ. ರಸ್ತೆಯ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಗೋಡೆ ತಮ್ಮದಲ್ಲದವರ ಪಾಡು ಅದು. ಆದರೂ ಅರವತ್ತು ವರ್ಷ ಮೀರಿ ಅದು ನಡೆದಿದೆ. ಯಾರ್ಡಿನಲ್ಲಿ ಇನ್ನೂರು ಮುನ್ನೂರು ಹಮಾಲರು ದಿನಾ ಒಂದೇ ಹೊತ್ತಿಗೆ ಉಣ್ಣುತ್ತಾರೆ. ಒಂದು ಖಾಲಿ ಗೋದಾಮು ಕಡಿಮೆ ಬಾಡಿಗೆಗೆ ಸಿಕ್ಕಿದರೆ, ಇಬ್ಬರು ಅಡಿಗೆಯವರಿಗೆ ಸರಿಯಾದ ಸಂಬಳ ಕೊಟ್ಟು, ಅಕ್ಕಿಯನ್ನು ಗಿರಣಿಯಿಂದಲೇ ತಂದರೆ ಊಟ ಎಷ್ಟಕ್ಕೆ ಬೀಳುತ್ತದೆ? ಲೆಕ್ಕ ಬರೆದಿಟ್ಟಿದ್ದೇನೆ, ಸಭೆಯ ನಂತರ ನೋಡಬಹುದು, ತಿದ್ದಬಹುದು.

ಅದಕ್ಕೆ ಮೊದಲು ಒಂದು ಕೆಲಸವಿದೆ. ಈ ವಾರ ನೀವು ತಿಂದ ಕಡೆಯಲ್ಲೆಲ್ಲ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆಯಿರಿ: ಇಡ್ಲಿ, ದೋಸೆ, ರೊಟ್ಟಿ ಊಟ, ಕಾಫಿ. ಬಿಲ್ಲು ಕೊಟ್ಟರೆ ಅದನ್ನೂ ಇಟ್ಟುಕೊಳ್ಳಿ. ಹೋಟೆಲಿನವರು ಬಾಡಿಗೆ ಎಷ್ಟೆಂದು ಹೇಳಿದರೆ ಅದೂ ಇರಲಿ. ಜಗಳಕ್ಕೆ ಹೋಗಬೇಡಿ, ವಿಚಾರಿಸಿ ಸಾಕು. ಪ್ರತಿ ಹೋಟೆಲಿನಿಂದ ಒಂದೊಂದು ಇಡ್ಲಿಯನ್ನು ಕಟ್ಟಿಸಿಕೊಂಡು ಮುಂದಿನ ಭಾನುವಾರ ಬೆಳಿಗ್ಗೆ ಬನ್ನಿ. ಕಿರಾಣಿ ಅಂಗಡಿಯ ಮಿತ್ರರೊಬ್ಬರು ತಕ್ಕಡಿ ತರಲು ಒಪ್ಪಿದ್ದಾರೆ. ತೂಕವಾದ ಮೇಲೆ ಇಡ್ಲಿಯನ್ನು ಏನು ಮಾಡಬೇಕೆಂದು ಯಾರೂ ಕೇಳಬೇಕಾಗಿಲ್ಲ. ಚಟ್ನಿ ನಾನು ತರುತ್ತೇನೆ.